ಕತ್ತಿ ಮುಗಿಸಲಾಗದ ಕೆಲಸ: ಆದಿ ಮಧ್ಯಯುಗದ ಯುರೋಪ್

ನಮ್ಮ ಸಭೆ ಸಮಾರಂಭಗಳಲ್ಲಿ ಒಂದು ಮಾತು ಆಗಾಗ ಕೇಳಿಬರುತ್ತದೆ. ಬಗ್ದಾದಿನ ವಿದ್ವಾಂಸರು ಗ್ರೀಕ್ ಗ್ರಂಥಗಳನ್ನು ಅರಬಿಗೆ ತರುತ್ತಿದ್ದಾಗ, ಸ್ಪೇನಿನ ಕುರ್ತುಬಾದಲ್ಲಿ ಗ್ರಂಥಾಲಯಗಳು ತುಂಬುತ್ತಿದ್ದಾಗ, ಯುರೋಪ್ ಕತ್ತಲಲ್ಲಿ ಮುಳುಗಿತ್ತು ಎಂಬುದೇ ಆ ಮಾತು. ಕೇಳಲು ಹಿತವಾಗಿರುತ್ತದೆ, ಸಭೆಯಲ್ಲಿ ತಕ್ಬೀರ್ ಕೂಡ ಮೊಳಗುತ್ತದೆ. ಆದರೆ ಹೆಮ್ಮೆಪಡಲು ಮಾತ್ರ ಇತಿಹಾಸ ಓದುವವನಿಗೆ ಇತಿಹಾಸ ಏನನ್ನೂ ಕಲಿಸುವುದಿಲ್ಲ. ಕ್ರಿ.ಶ. 500ರಿಂದ 1000ದವರೆಗಿನ ಯುರೋಪಿನಲ್ಲಿ ನಿಜವಾಗಿ ಏನು ನಡೆಯಿತು? ಕುಸಿದು ಬಿದ್ದ ಸಾಮ್ರಾಜ್ಯದ ನೆಲದಲ್ಲಿ, ಓದು ಬರಹ ಗೊತ್ತಿಲ್ಲದ ಬುಡಕಟ್ಟುಗಳ ನಡುವೆ, ಒಂದು ಧರ್ಮ ಮತ್ತು ಒಂದು ನಾಗರಿಕತೆ ಹೇಗೆ ಬೇರೂರಿದವು? ಅದರಲ್ಲಿ ಕತ್ತಿಯ ಪಾಲೆಷ್ಟು, ಕಲಿಸಿದವರ ಪಾಲೆಷ್ಟು? ಬಲವಂತದಿಂದ ಧರ್ಮ ಹರಡುತ್ತದೆಯೇ ಎಂಬ ಚರ್ಚೆ ನಮ್ಮ ದೇಶದಲ್ಲಿ ಆಗಾಗ ಎದ್ದು ನಿಲ್ಲುವಾಗ, ಬೇರೆಯವರ ಮನೆಯ ಇತಿಹಾಸವೂ ನಮ್ಮ ಉಪಯೋಗಕ್ಕೆ ಬರುತ್ತದೆ. ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಆ ಐನೂರು ವರ್ಷಗಳನ್ನು ಒಮ್ಮೆ ನೋಡೋಣ.

ರೋಮ್ ಕುಸಿದ ಮೇಲೆ

476ರಲ್ಲಿ ಜರ್ಮಾನಿಕ್ ದಂಡನಾಯಕ ಒಡೊಯಾಸರ್ ಎಂಬವನು ರೋಮಿನ ಕೊನೆಯ ಪಶ್ಚಿಮ ಚಕ್ರವರ್ತಿ, ಇನ್ನೂ ಹುಡುಗನಾಗಿದ್ದ ರೋಮುಲಸ್ ಆಗಸ್ಟುಲಸ್‌ನನ್ನು ಪದಚ್ಯುತಗೊಳಿಸಿದ. ರಾಜಲಾಂಛನಗಳನ್ನು ಕಾನ್‌ಸ್ಟಾಂಟಿನೋಪಲ್‌ಗೆ ಕಳುಹಿಸಲಾಯಿತು. ಪೂರ್ವದ ಸಾಮ್ರಾಜ್ಯ ಮುಂದೆ ಸಾವಿರ ವರ್ಷ ಬಾಳಿತು. ಪಶ್ಚಿಮ ಮಾತ್ರ ತುಂಡುತುಂಡಾಯಿತು. ಸ್ಪೇನಿನಲ್ಲಿ ವಿಸಿಗಾಥರು, ಇಟಲಿಯಲ್ಲಿ ಆಸ್ಟ್ರೋಗಾಥರು, ಉತ್ತರ ಆಫ್ರಿಕದಲ್ಲಿ ವ್ಯಾಂಡಲರು, ಇಂದಿನ ಫ್ರಾನ್ಸ್ ಪ್ರದೇಶದಲ್ಲಿ ಫ್ರಾಂಕರು, ಬ್ರಿಟನ್ನಿನಲ್ಲಿ ಆಂಗ್ಲರು ಮತ್ತು ಸ್ಯಾಕ್ಸನರು ತಮ್ಮ ತಮ್ಮ ರಾಜ್ಯ ಕಟ್ಟಿಕೊಂಡರು.

ಸಾಮ್ರಾಜ್ಯ ಕುಸಿದರೆ ಏನಾಗುತ್ತದೆ ಎಂಬುದನ್ನು ರೋಮ್ ನಗರವೇ ಹೇಳುತ್ತದೆ. ಹಿಂದೆ ಲಕ್ಷಗಟ್ಟಲೆ ಜನ ಬಾಳಿದ ಆ ನಗರದಲ್ಲಿ ಆರನೇ ಶತಮಾನದ ಯುದ್ಧಗಳ ನಂತರ ಉಳಿದವರು ಕೆಲವು ಹತ್ತು ಸಾವಿರ ಮಂದಿ. 537ರ ಮುತ್ತಿಗೆಯಲ್ಲಿ ಗಾಥರು ನಗರಕ್ಕೆ ನೀರು ತರುತ್ತಿದ್ದ ಕಾಲುವೆಗಳನ್ನು ಕಡಿದು ಹಾಕಿದರು. 541ರಿಂದ ಮೆಡಿಟರೇನಿಯನ್ ಸುತ್ತ ಪ್ಲೇಗ್ ಹಬ್ಬಿತು. ರಸ್ತೆ ರಿಪೇರಿ ಮಾಡುವವರಿಲ್ಲ, ತೆರಿಗೆ ಲೆಕ್ಕ ಬರೆಯುವವರಿಲ್ಲ. ಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದ ಪಟ್ಟಣದ ಶಾಲೆಗಳು ಒಂದೊಂದಾಗಿ ಮುಚ್ಚಿದವು.

ಈ ಹೊಸ ರಾಜರಲ್ಲಿ ಹಲವರು ಏರಿಯಸ್‌ನ ಪಂಥದ ಕ್ರೈಸ್ತರಾಗಿದ್ದರು. ಯೇಸು ದೇವನಿಗೆ ಸರಿಸಮಾನರಲ್ಲ, ದೇವನಿಂದ ಸೃಷ್ಟಿಯಾದವರು ಎಂಬುದು ಆ ಪಂಥದ ನಂಬಿಕೆ. ರೋಮಿನ ಧರ್ಮಸಭೆ ಅದನ್ನು ಒಪ್ಪುತ್ತಿರಲಿಲ್ಲ. ಫ್ರಾಂಕರ ರಾಜ ಕ್ಲೋವಿಸ್ ಬಹುದೇವತೆಗಳ ಆರಾಧಕನಾಗಿದ್ದವನು, ರೋಮಿನ ಪಂಥವನ್ನು ಸ್ವೀಕರಿಸಿ ರ‍್ಯಾನ್ಸ್‌ನ ಬಿಷಪರಿಂದ ಜ್ಞಾನಸ್ನಾನ ಪಡೆದ. ಪತ್ನಿ ಕ್ಲೊಟಿಲ್ಡಾ ವರ್ಷಗಟ್ಟಲೆ ಅವನ ಮನವೊಲಿಸಿದ್ದರು. ಇದರ ಫಲ ರಾಜಕೀಯದಲ್ಲೂ ಕಂಡಿತು. ಊರೂರಿನಲ್ಲಿ ಪ್ರಭಾವವಿದ್ದ ಬಿಷಪರು ಕ್ಲೋವಿಸ್‌ನ ಬೆನ್ನಿಗೆ ನಿಂತರು. ರಾಜನಿಗೆ ಧರ್ಮದ ಮನ್ನಣೆ, ಧರ್ಮಸಭೆಗೆ ರಾಜನ ರಕ್ಷಣೆ: ಇಡೀ ಮಧ್ಯಯುಗವನ್ನು ಆಳಿದ ಒಪ್ಪಂದ ಇದೇ.

ಮಠಗಳಲ್ಲಿ ಉಳಿದ ಅಕ್ಷರ

ರಾಜರು ಕಾದಾಡುತ್ತಿದ್ದಾಗ ಅಕ್ಷರ ಉಳಿದದ್ದು ಸನ್ಯಾಸಿಮಠಗಳಲ್ಲಿ. ಸುಮಾರು 529ರಲ್ಲಿ ಬೆನೆಡಿಕ್ಟ್ ಇಟಲಿಯ ಮಾಂಟೆ ಕ್ಯಾಸಿನೊ ಬೆಟ್ಟದ ಮೇಲೆ ಮಠ ಕಟ್ಟಿದರು. ಅವರು ಬರೆದ ನಿಯಮಾವಳಿ ದಿನವನ್ನು ಪ್ರಾರ್ಥನೆ, ಕೈಕೆಲಸ ಮತ್ತು ಓದು ಎಂದು ಹಂಚಿತು. ಉಪವಾಸದ ತಿಂಗಳು ಬಂದಾಗ ಪ್ರತಿಯೊಬ್ಬ ಸನ್ಯಾಸಿಗೂ ಒಂದೊಂದು ಪುಸ್ತಕ ಕೊಟ್ಟು, ಅದನ್ನು ಮೊದಲಿನಿಂದ ಕೊನೆಯವರೆಗೆ ಓದಿಸಬೇಕೆಂದು ಅದರಲ್ಲಿ ವಿಧಿಸಲಾಗಿತ್ತು. ದಕ್ಷಿಣ ಇಟಲಿಯಲ್ಲಿ ಕ್ಯಾಸಿಯೊಡೋರಸ್ ಎಂಬ ನಿವೃತ್ತ ಮಂತ್ರಿ ಪುಸ್ತಕ ನಕಲು ಮಾಡಿಸುವುದಕ್ಕೆಂದೇ ಒಂದು ಮಠ ಸ್ಥಾಪಿಸಿದರು. ನಕಲುಗಾರರು ತಪ್ಪಿಲ್ಲದೆ ಬರೆಯಲಿ ಎಂದು ಅವರು ಕಾಗುಣಿತದ ಪುಸ್ತಕ ರಚಿಸಿದ್ದು ತಮ್ಮ 93ನೇ ವಯಸ್ಸಿನಲ್ಲಿ.

ಐರ್ಲೆಂಡ್ ಎಂದೂ ರೋಮಿನ ಆಳ್ವಿಕೆಗೆ ಒಳಪಟ್ಟಿರಲಿಲ್ಲ. ಅಲ್ಲಿನ ಸನ್ಯಾಸಿಗಳಿಗೆ ಲ್ಯಾಟಿನ್ ಪೂರ್ತಿ ಪರಭಾಷೆ. ಪದಗಳನ್ನು ಒಂದಕ್ಕೊಂದು ಅಂಟಿಸಿ ಬರೆಯುತ್ತಿದ್ದ ಹಳೆಯ ಪದ್ಧತಿ ಓದಲು ಕಷ್ಟವಾದ್ದರಿಂದ ಅವರು ಪದಕ್ಕೂ ಪದಕ್ಕೂ ನಡುವೆ ಜಾಗ ಬಿಟ್ಟು ಬರೆಯತೊಡಗಿದರು. ಇಂದು ಲ್ಯಾಟಿನ್ ಲಿಪಿಯ ಪ್ರತಿ ಪುಟದಲ್ಲೂ ಕಾಣುವ ಆ ಅನುಕೂಲ, ಪರಭಾಷೆ ಕಲಿಯಲು ಹೆಣಗಿದವರ ಕೊಡುಗೆ.

ಪೋಪ್ ಗ್ರೆಗರಿ ಕಳುಹಿಸಿದ ಸುಮಾರು 40 ಮಂದಿಯ ತಂಡ 597ರಲ್ಲಿ ಇಂಗ್ಲೆಂಡಿನ ಕೆಂಟ್ ರಾಜ್ಯವನ್ನು ತಲುಪಿತು. ಅಲ್ಲಿನ ರಾಣಿ ಬರ್ತಾ ಅದಾಗಲೇ ಕ್ರೈಸ್ತಳಾಗಿದ್ದರಿಂದ ಬಾಗಿಲು ತೆರೆದೇ ಇತ್ತು. 601ರಲ್ಲಿ ಗ್ರೆಗರಿ ಬರೆದ ಪತ್ರವೊಂದರಲ್ಲಿ, ಆ ಜನರ ದೇಗುಲಗಳನ್ನು ಕೆಡವಬೇಡಿ, ವಿಗ್ರಹಗಳನ್ನು ಮಾತ್ರ ತೆಗೆಯಿರಿ, ಅವರ ಹಬ್ಬದೂಟವನ್ನು ನಿಲ್ಲಿಸದೆ ಹೊಸ ಹಬ್ಬಕ್ಕೆ ಒಗ್ಗಿಸಿರಿ ಎಂಬ ಸೂಚನೆಯಿದೆ. ಗಟ್ಟಿಯಾದ ಮನಸ್ಸುಗಳನ್ನು ಒಂದೇ ಏಟಿಗೆ ಬದಲಿಸಲಾಗದು, ಮೆಟ್ಟಿಲು ಮೆಟ್ಟಿಲಾಗಿ ಏರಿಸಬೇಕು ಎಂಬುದು ಅವರ ನಿಲುವು. ವಿಗ್ರಹದ ವಿಷಯದಲ್ಲಿ ರಾಜಿಯಿಲ್ಲ, ಆದರೆ ಜನರ ವಿಷಯದಲ್ಲಿ ಅವಸರವೂ ಇಲ್ಲ.

ಅದೇ ಇಂಗ್ಲೆಂಡಿನ ಉತ್ತರದಲ್ಲಿ, ವೇರ್ಮತ್ ಮತ್ತು ಜಾರೋ ಎಂಬ ಜೋಡಿ ಮಠಕ್ಕೆ ಏಳು ವರ್ಷದ ಹುಡುಗನೊಬ್ಬನನ್ನು ಮನೆಯವರು ಸೇರಿಸಿದರು. ಅವರೇ ಮುಂದೆ ಚರಿತ್ರೆಕಾರ ಬೀಡ್ ಎಂದು ಹೆಸರಾದರು. ಜಾರೋದಲ್ಲಿ ಪ್ಲೇಗ್ ಬಡಿದಾಗ ಪ್ರಾರ್ಥನಾ ಗೀತೆಗಳನ್ನು ಹಾಡಬಲ್ಲವರಲ್ಲಿ ಉಳಿದವರು ಮಠಾಧಿಪತಿ ಮತ್ತು ಒಬ್ಬ ಚಿಕ್ಕ ಹುಡುಗ ಮಾತ್ರ. ಇಬ್ಬರೇ ಸೇರಿ ದಿನದ ಪ್ರಾರ್ಥನೆಗಳನ್ನು ನಡೆಸಿಕೊಂಡು ಬಂದರು. ಆ ಹುಡುಗ ಬೀಡ್ ಅವರೇ ಇರಬೇಕೆಂದು ಅನೇಕ ಇತಿಹಾಸಕಾರರು ಭಾವಿಸುತ್ತಾರೆ. 731ರಲ್ಲಿ ಬೀಡ್ ಇಂಗ್ಲಿಷ್ ಜನರ ಧರ್ಮಚರಿತ್ರೆಯನ್ನು ಬರೆದು ಮುಗಿಸಿದರು. ಯೇಸುವಿನ ಜನನದಿಂದ ವರ್ಷ ಎಣಿಸುವ ಪದ್ಧತಿ ಯುರೋಪಿನಲ್ಲಿ ಬಳಕೆಗೆ ಬರಲು ಅವರ ಬರಹಗಳು ಮುಖ್ಯ ಕಾರಣ. ಅದೇ ಮಠದಲ್ಲಿ 716ಕ್ಕೆ ಮುನ್ನ ಮೂರು ಬೃಹತ್ ಬೈಬಲ್ ಪ್ರತಿಗಳನ್ನು ಬರೆಯಲಾಯಿತು. ಉಳಿದಿರುವ ಒಂದು ಪ್ರತಿ ಇಟಲಿಯ ಫ್ಲಾರೆನ್ಸ್‌ನಲ್ಲಿದೆ. ಅದರ ಸಾವಿರಕ್ಕೂ ಹೆಚ್ಚು ಚರ್ಮದ ಹಾಳೆಗಳಿಗೆ ಸುಮಾರು 500 ಕರುಗಳ ತೊಗಲು ಬೇಕಾಗಿತ್ತು. ಒಂದು ಪುಸ್ತಕಕ್ಕೆ ಒಂದು ದೊಡ್ಡ ಮಂದೆ! ಓದಿಗೆ ಅವರು ತೆತ್ತ ಬೆಲೆಯನ್ನು ನಾವು ಇದರಿಂದ ಅಳೆಯಬಹುದು.

ವೆರ್ಡೆನ್‌ನ ಆ ದಿನ

ಎಂಟನೇ ಶತಮಾನದಲ್ಲಿ ಫ್ರಾಂಕರ ರಾಜ್ಯ ಹೊಸ ಮನೆತನದ ಕೈಗೆ ಬಂತು. 732ರಲ್ಲಿ ಸ್ಪೇನಿನಿಂದ ಬಂದ ಮುಸ್ಲಿಮ್ ಪಡೆಯನ್ನು ತೂರ್ ಮತ್ತು ಪ್ವಾತಿಯೆ ನಡುವೆ ತಡೆದ ಚಾರ್ಲ್ಸ್ ಮಾರ್ಟೆಲ್ ಈ ಮನೆತನದವನು. ಅವನ ಮಗ ಪಿಪಿನ್ 751ರಲ್ಲಿ ರಾಜನಾದ. ಮೊಮ್ಮಗ ಷಾರ್ಲಮೇನ್ 768ರಿಂದ 814ರವರೆಗೆ ಆಳಿ, ಇಂದಿನ ಫ್ರಾನ್ಸ್, ಜರ್ಮನಿ ಮತ್ತು ಇಟಲಿಯ ದೊಡ್ಡ ಭಾಗಗಳನ್ನು ಒಂದೇ ಅಧಿಕಾರದಡಿ ತಂದ. 800ರ ಡಿಸೆಂಬರ್ 25ರಂದು ರೋಮಿನಲ್ಲಿ ಪೋಪ್ ಮೂರನೇ ಲಿಯೋ ಅವನ ತಲೆಗೆ ಚಕ್ರವರ್ತಿಯ ಕಿರೀಟ ಇಟ್ಟರು.

ಈ ವೈಭವದ ಹಿಂದೆ ಸ್ಯಾಕ್ಸನರ ಕಥೆಯಿದೆ. ಇವರು ಬ್ರಿಟನ್ನಿಗೆ ಹೋಗದೆ, ಇಂದಿನ ಉತ್ತರ ಜರ್ಮನಿಯ ಮೂಲನಾಡಿನಲ್ಲೇ ಉಳಿದವರು. ತಮ್ಮ ಪೂರ್ವಜರ ದೇವತೆಗಳನ್ನು ಪೂಜಿಸುತ್ತಿದ್ದರು. 772ರಲ್ಲಿ ಷಾರ್ಲಮೇನ್ ಅವರ ಪವಿತ್ರ ಸ್ತಂಭವಾದ ಇರ್ಮಿನ್ಸುಲ್ ಅನ್ನು ಕೆಡವಿದ. ಅಲ್ಲಿಂದ 804ರವರೆಗೆ, ಮೂವತ್ತಕ್ಕೂ ಹೆಚ್ಚು ವರ್ಷ ಯುದ್ಧ ನಡೆಯಿತು. ಸೋತಾಗ ಜ್ಞಾನಸ್ನಾನಕ್ಕೆ ಒಪ್ಪುವುದು, ಸೈನ್ಯ ಹಿಂತಿರುಗಿದಾಗ ದಂಗೆ ಏಳುವುದು, ಹೀಗೇ ಸಾಗಿತು. 782ರಲ್ಲಿ ವೆರ್ಡೆನ್ ಎಂಬಲ್ಲಿ ಒಂದೇ ದಿನ 4,500 ಸ್ಯಾಕ್ಸನರ ತಲೆ ಕಡಿಸಲಾಯಿತು ಎಂದು ಫ್ರಾಂಕರ ಆಸ್ಥಾನದ ವಾರ್ಷಿಕ ದಾಖಲೆಯೇ ಹೇಳುತ್ತದೆ.

ಅದೇ ಕಾಲದಲ್ಲಿ ಸ್ಯಾಕ್ಸನರಿಗಾಗಿ ಮಾಡಿದ ಕಾನೂನು ಇನ್ನೂ ಕಠೋರ. ಜ್ಞಾನಸ್ನಾನ ತಪ್ಪಿಸಿಕೊಂಡು ಅಡಗಿದವನಿಗೆ ಮರಣ. ಕ್ರೈಸ್ತ ಧರ್ಮವನ್ನು ಧಿಕ್ಕರಿಸಿ ಉಪವಾಸದ ದಿನಗಳಲ್ಲಿ ಮಾಂಸ ತಿಂದವನಿಗೆ ಮರಣ. ಹಳೆಯ ಪದ್ಧತಿಯಂತೆ ಶವ ಸುಟ್ಟವನಿಗೆ ಮರಣ. ಅದರ ಜೊತೆಗೆ ಪ್ರತಿಯೊಬ್ಬನೂ ತನ್ನ ಆದಾಯ ಮತ್ತು ದುಡಿಮೆಯ ಹತ್ತನೇ ಒಂದು ಪಾಲನ್ನು ಧರ್ಮಸಭೆಗೆ ಕೊಡಬೇಕು. 785ರಲ್ಲಿ ಸ್ಯಾಕ್ಸನರ ನಾಯಕ ವಿಡುಕಿಂಡ್ ಶರಣಾಗಿ ಜ್ಞಾನಸ್ನಾನ ಪಡೆದ. ಆದರೂ 792ರ ಹೊತ್ತಿಗೆ ದಂಗೆ ಮತ್ತೆ ಭುಗಿಲೆದ್ದಿತು. ಚರ್ಚುಗಳು ಉರಿದವು, ಪಾದ್ರಿಗಳು ಓಡಿಹೋದರು. ಕತ್ತಿಗೆ ಹೆದರಿ ಬಂದ ನಂಬಿಕೆ ಕತ್ತಿ ಮರೆಯಾದ ದಿನವೇ ಹೊರಟುಹೋಯಿತು.

ಒಬ್ಬ ಗುರುವಿನ ಪತ್ರ

ಇದನ್ನು ರಾಜನ ಮುಖಕ್ಕೆ ಹೇಳಿದವರು ಅವನದೇ ಆಸ್ಥಾನದ ಗುರು ಆಲ್ಕುಯಿನ್. ಇಂಗ್ಲೆಂಡಿನ ಯಾರ್ಕ್‌ನಲ್ಲಿ ಬೀಡ್ ಅವರ ಪರಂಪರೆಯಲ್ಲಿ ಕಲಿತವರು. 781ರಲ್ಲಿ ಇಟಲಿಯ ಪಾರ್ಮಾದಲ್ಲಿ ರಾಜನ ಭೇಟಿಯಾಗಿ, ನಂತರ ಆಸ್ಥಾನದ ಶಾಲೆಗೆ ಬಂದರು. 796ರಲ್ಲಿ ಷಾರ್ಲಮೇನ್ ಪೂರ್ವದ ಆವಾರರನ್ನು ಸೋಲಿಸಿದಾಗ, ಅವರ ಮೇಲೂ ಅದೇ ನೀತಿ ಹೇರಲಾಗುತ್ತದೆಂಬ ಆತಂಕ ಆಲ್ಕುಯಿನ್‌ಗೆ ಇತ್ತು. ರಾಜನಿಗೂ ಅವನ ಅಧಿಕಾರಿಗಳಿಗೂ ಅವರು ಪತ್ರಗಳನ್ನು ಬರೆದರು.

ಆ ಪತ್ರಗಳ ಸಾರ ಇಷ್ಟು: ನಂಬಿಕೆ ಮನುಷ್ಯನ ಮನಸ್ಸಿಗೆ ಬಿಟ್ಟದ್ದು. ಅವನನ್ನು ನೀರಿಗೆ ತಳ್ಳಬಹುದು, ನಂಬಿಕೆಗೆ ತಳ್ಳಲಾಗದು. ಮೊದಲು ಕಲಿಸಬೇಕು, ಜ್ಞಾನಸ್ನಾನ ನಂತರದ್ದು. ಹುಟ್ಟಿನಿಂದ ಈ ಧರ್ಮದಲ್ಲಿರುವ ನಾವೇ ಹತ್ತನೇ ಪಾಲು ಕೊಡಲು ಹಿಂದುಮುಂದು ನೋಡುವಾಗ, ನಿನ್ನೆ ಮೊನ್ನೆ ಬಂದವರಿಂದ ಅದನ್ನು ಕಿತ್ತುಕೊಳ್ಳುವುದು ಸರಿಯೇ? ಬೋಧಕರು ಬೋಧಿಸಲಿ, ದೋಚದಿರಲಿ.

ಆಲ್ಕುಯಿನ್ ಯುದ್ಧವನ್ನೇ ವಿರೋಧಿಸಿದವರಲ್ಲ. ರಾಜನ ಗೆಲುವನ್ನು ಹೊಗಳುತ್ತಲೇ ಈ ಮಾತು ಬರೆದರು. ಆದರೆ ಅಂದಿನ ಅತಿ ಬಲಶಾಲಿ ರಾಜನಿಗೆ, ಅವನದೇ ಅನ್ನ ಉಣ್ಣುವ ವಿದ್ವಾಂಸನೊಬ್ಬ ಹೀಗೆ ಬರೆಯಲು ಧೈರ್ಯ ಬೇಕಿತ್ತು. 797ರಲ್ಲಿ ಸ್ಯಾಕ್ಸನರಿಗೆ ಹೊಸ ಕಾನೂನು ಬಂತು. ಅನೇಕ ಅಪರಾಧಗಳಿಗೆ ಮರಣದ ಬದಲು ದಂಡ ನಿಗದಿಯಾಯಿತು.

ಷಾರ್ಲಮೇನ್‌ನ ಇನ್ನೊಂದು ಮುಖವನ್ನೂ ನಾವು ನೋಡಬೇಕು. 789ರ ಅವನ ರಾಜಾಜ್ಞೆ ಪ್ರತಿ ಮಠದಲ್ಲೂ ಪ್ರತಿ ಬಿಷಪರ ಕೇಂದ್ರದಲ್ಲೂ ಮಕ್ಕಳಿಗೆ ಓದು, ಹಾಡು, ಲೆಕ್ಕ, ವ್ಯಾಕರಣ ಕಲಿಸಬೇಕೆಂದು, ಧರ್ಮಗ್ರಂಥಗಳನ್ನು ತಪ್ಪಿಲ್ಲದೆ ನಕಲು ಮಾಡಬೇಕೆಂದು ವಿಧಿಸಿತು. ಓರ್ಲಿಯನ್ಸ್‌ನ ಬಿಷಪ್ ಥಿಯೊಡಲ್ಫ್ ಅವರು ಹಳ್ಳಿಗಳ ಪಾದ್ರಿಗಳಿಗೆ, ಓದು ಕಲಿಯಲು ಬಂದ ಮಕ್ಕಳನ್ನು ಹಿಂದಕ್ಕೆ ಕಳುಹಿಸಬೇಡಿ, ಅವರಿಂದ ಶುಲ್ಕ ಕೇಳಬೇಡಿ ಎಂದು ಆದೇಶಿಸಿದರು. ಸ್ಪಷ್ಟವಾದ ದುಂಡು ಅಕ್ಷರಗಳ ಹೊಸ ಬರವಣಿಗೆ ರಾಜ್ಯವಿಡೀ ಹರಡಿತು. ಹದಿನೈದನೇ ಶತಮಾನದಲ್ಲಿ ಇಟಲಿಯ ವಿದ್ವಾಂಸರು ಅದೇ ಅಕ್ಷರಗಳನ್ನು ಮತ್ತೆ ಬಳಕೆಗೆ ತಂದರು, ಮುದ್ರಣದ ಅಚ್ಚುಗಳೂ ಅವನ್ನೇ ಅನುಸರಿಸಿದವು. ನಮ್ಮ ಮಕ್ಕಳು ಇಂಗ್ಲಿಷ್ ನೋಟ್‌ಬುಕ್ಕಿನಲ್ಲಿ ತಿದ್ದುವ ಸಣ್ಣಕ್ಷರಗಳ ಮೂಲ ಅದು.

ಶಾಲೆ ತೆರೆಸಿದ ಆ ರಾಜನಿಗೇ ಬರೆಯಲು ಸರಿಯಾಗಿ ಬರುತ್ತಿರಲಿಲ್ಲ. ಅವನ ಜೀವನಚರಿತ್ರೆ ಬರೆದ ಐನ್‌ಹಾರ್ಡ್ ಹೇಳುವಂತೆ, ಅವನು ದಿಂಬಿನ ಕೆಳಗೆ ಬರೆಯುವ ಹಲಗೆ ಇಟ್ಟುಕೊಂಡು, ಬಿಡುವಾದಾಗ ಅಕ್ಷರ ತಿದ್ದುತ್ತಿದ್ದ. ತಡವಾಗಿ ಶುರುಮಾಡಿದ್ದರಿಂದ ಹೆಚ್ಚು ಫಲ ಸಿಗಲಿಲ್ಲ.

ಬಗ್ದಾದಿನಿಂದ ಬಂದ ಆನೆ

ಆ ಕಾಲದ ರಾಜಕೀಯ ಧರ್ಮದ ಗಡಿಗೆ ತಕ್ಕಂತೆ ನಡೆಯುತ್ತಿತ್ತು ಎಂದು ಭಾವಿಸಿದರೆ ತಪ್ಪಾಗುತ್ತದೆ. 778ರಲ್ಲಿ ಷಾರ್ಲಮೇನ್ ಸ್ಪೇನಿಗೆ ದಂಡೆತ್ತಿ ಹೋದದ್ದು ಅಲ್ಲಿನ ಮುಸ್ಲಿಮ್ ಅಧಿಪತಿಗಳ ಆಹ್ವಾನದ ಮೇಲೆ. ಅವರು ಕುರ್ತುಬಾದ ಉಮಯ್ಯ ದೊರೆ ಅಬ್ದುರ್ರಹ್ಮಾನ್ ವಿರುದ್ಧ ಬಂಡೆದ್ದಿದ್ದರು. ಹಿಂತಿರುಗುವಾಗ ಪಿರೆನೀಸ್ ಬೆಟ್ಟಗಳಲ್ಲಿ ಅವನ ಸೈನ್ಯದ ಹಿಂಭಾಗದ ಮೇಲೆ ಎರಗಿ ರೋಲಾಂಡ್‌ನನ್ನು ಕೊಂದವರು ಬಾಸ್ಕ್ ಜನರು. ಮುನ್ನೂರು ವರ್ಷಗಳ ನಂತರ ಹುಟ್ಟಿದ ರೋಲಾಂಡನ ಗೀತೆ ಆ ಶತ್ರುಗಳನ್ನು ಮುಸ್ಲಿಮರನ್ನಾಗಿ ಬದಲಿಸಿತು. ನಡೆದದ್ದು ಒಂದು, ಹಾಡಿದ್ದು ಇನ್ನೊಂದು.

ಅದೇ ಷಾರ್ಲಮೇನ್ 797ರಲ್ಲಿ ಬಗ್ದಾದಿಗೆ ರಾಯಭಾರಿಗಳನ್ನು ಕಳುಹಿಸಿದ. ಇಬ್ಬರು ದಾರಿಯಲ್ಲೇ ತೀರಿಕೊಂಡರು. ಮೂರನೆಯವರಾದ ಇಸಾಕ್ ಎಂಬ ಯಹೂದಿ, ಖಲೀಫಾ ಹಾರೂನ್ ರಶೀದ್ ಅವರ ಉಡುಗೊರೆಯಾಗಿ ಒಂದು ಆನೆಯನ್ನು ಕರೆತಂದು 802ರಲ್ಲಿ ರಾಜಧಾನಿ ಆಕೆನ್ ತಲುಪಿದರು. ಆನೆಯ ಹೆಸರು ಅಬುಲ್ ಅಬ್ಬಾಸ್. 810ರಲ್ಲಿ ಅದು ಸತ್ತದ್ದನ್ನೂ ಫ್ರಾಂಕರು ದಾಖಲಿಸಿದ್ದಾರೆ. ಅರಬ್ ಚರಿತ್ರೆಕಾರರು ಈ ಸಂಬಂಧದ ಬಗ್ಗೆ ಒಂದು ಸಾಲನ್ನೂ ಬರೆದಿಲ್ಲ. ಇಂಗ್ಲೆಂಡಿನ ಮರ್ಸಿಯಾ ರಾಜ ಆಫಾ ಅಬ್ಬಾಸಿ ದಿನಾರನ್ನು ನೋಡಿ ಚಿನ್ನದ ನಾಣ್ಯ ಟಂಕಿಸಿದ. ಅದರಲ್ಲಿ ಅವನ ಹೆಸರು ಲ್ಯಾಟಿನ್‌ನಲ್ಲಿದೆ, ಸುತ್ತಲೂ ಅರಬಿಯಲ್ಲಿ ಕಲಿಮಾ ಇದೆ! ಕೆತ್ತಿದವನಿಗೆ ಅರ್ಥ ತಿಳಿದಿರಲಿಲ್ಲ. ವ್ಯಾಪಾರಿಗಳು ನಂಬುವ ನಾಣ್ಯ ಅದು ಎಂಬುದಷ್ಟೇ ಅವನಿಗೆ ಮುಖ್ಯ.

ಜನರ ನುಡಿಯಲ್ಲಿ ಧರ್ಮ

ಶಾಲೆಗಳು ತೆರೆದರೂ ಒಂದು ತೊಡಕು ಉಳಿಯಿತು. ಪ್ರಾರ್ಥನೆಯ ಭಾಷೆ ಲ್ಯಾಟಿನ್, ಜನರ ಭಾಷೆ ಬೇರೆ. 813ರಲ್ಲಿ ತೂರ್‌ನಲ್ಲಿ ಸೇರಿದ ಬಿಷಪರ ಸಭೆ, ಪ್ರವಚನವನ್ನು ಜನರಿಗೆ ಅರ್ಥವಾಗುವ ಹಳ್ಳಿಯ ರೋಮನ್ ನುಡಿಯಲ್ಲಿ ಅಥವಾ ಜರ್ಮನ್ ನುಡಿಯಲ್ಲಿ ಹೇಳಬೇಕೆಂದು ತೀರ್ಮಾನಿಸಿತು. ಅರಬಿ ಖುತ್ಬಾದ ಸಾರವನ್ನು ಕನ್ನಡದಲ್ಲಿ ಓದುವ ನಮಗೆ ಈ ತೀರ್ಮಾನದ ಬೆಲೆ ವಿವರಿಸಿ ಹೇಳಬೇಕಿಲ್ಲ. ಷಾರ್ಲಮೇನ್‌ನ ಮೊಮ್ಮಕ್ಕಳು ಪರಸ್ಪರ ಕಾದಾಡಿ 843ರ ವೆರ್ದೂನ್ ಒಪ್ಪಂದದಲ್ಲಿ ಸಾಮ್ರಾಜ್ಯವನ್ನು ಮೂರು ಪಾಲು ಮಾಡಿಕೊಂಡರು. ಅದರ ಹಿಂದಿನ ವರ್ಷ ಇಬ್ಬರು ಸಹೋದರರು ಸ್ಟ್ರಾಸ್‌ಬರ್ಗ್‌ನಲ್ಲಿ, ಎದುರು ಪಕ್ಷದ ಸೈನಿಕರಿಗೆ ಅರ್ಥವಾಗಲೆಂದು ಒಬ್ಬರ ಭಾಷೆಯಲ್ಲಿ ಇನ್ನೊಬ್ಬರು ಪ್ರಮಾಣ ಮಾಡಿದ್ದರು. ಫ್ರೆಂಚ್ ಭಾಷೆಯ ಅತಿ ಹಳೆಯ ಬರಹ ಆ ಪ್ರಮಾಣವೇ.

ಸ್ಯಾಕ್ಸನರ ನಾಡಿನಲ್ಲೂ ಇದೇ ಹಾದಿ ಫಲ ಕೊಟ್ಟಿತು. 822ರಲ್ಲಿ ಅಲ್ಲಿ ಕಾರ್ವೇ ಮಠ ನೆಲೆನಿಂತಿತು. ಸುಮಾರು 830ರ ಹೊತ್ತಿಗೆ ಯಾರೋ ಒಬ್ಬ ಕವಿ ಯೇಸುವಿನ ಕಥೆಯನ್ನು ಸ್ಯಾಕ್ಸನ್ ನುಡಿಯಲ್ಲೇ ಸುಮಾರು 6,000 ಸಾಲುಗಳಲ್ಲಿ ಹೇಳಿದ. ಹೆಲಿಯಾಂಡ್ ಎಂದು ಹೆಸರಾದ ಆ ಕಾವ್ಯದಲ್ಲಿ ಮರುಭೂಮಿ ಕಾಡಾಗುತ್ತದೆ, ಶಿಷ್ಯರು ಒಡೆಯನಿಗೆ ನಿಷ್ಠರಾದ ವೀರರಾಗುತ್ತಾರೆ. ತಾತಂದಿರನ್ನು ಕತ್ತಿಯ ಭಯದಲ್ಲಿ ನೀರಿಗಿಳಿಸಲಾಗಿತ್ತು. ಮೊಮ್ಮಕ್ಕಳು ಅದೇ ಧರ್ಮದ ಕಥೆಯನ್ನು ತಾಯ್ನುಡಿಯಲ್ಲಿ ಕೇಳಿದರು.

ಪೂರ್ವದಲ್ಲಿ ಸಿರಿಲ್ ಮತ್ತು ಮೆಥೋಡಿಯಸ್ ಎಂಬ ಸಹೋದರರು 863ರಲ್ಲಿ ಮೊರಾವಿಯಾಕ್ಕೆ ಹೋಗಿ ಸ್ಲಾವ್ ಜನರಿಗೆ ಲಿಪಿಯನ್ನೇ ರೂಪಿಸಿಕೊಟ್ಟರು. ಹೀಬ್ರೂ, ಗ್ರೀಕ್, ಲ್ಯಾಟಿನ್ ಬಿಟ್ಟು ಬೇರೆ ಭಾಷೆಯಲ್ಲಿ ಪ್ರಾರ್ಥನೆ ಸಲ್ಲದು ಎಂದು ಕೆಲವು ಪಾದ್ರಿಗಳು ಪಟ್ಟು ಹಿಡಿದರು. ಮೆಥೋಡಿಯಸ್ ಅವರನ್ನು ಬವೇರಿಯಾದ ಬಿಷಪರು ಸುಮಾರು ಮೂರು ವರ್ಷ ಸೆರೆಯಲ್ಲಿಟ್ಟರು. ಅವರ ಶಿಷ್ಯರು ಬಲ್ಗೇರಿಯಾ ಸೇರಿ ಕೆಲಸ ಮುಂದುವರಿಸಿದರು. ಇಂಗ್ಲೆಂಡಿನಲ್ಲಿ ವೈಕಿಂಗರ ದಾಳಿಯಿಂದ ಮಠಗಳು ಹಾಳಾಗಿದ್ದಾಗ ರಾಜ ಆಲ್ಫ್ರೆಡ್ ಯುದ್ಧ ಗೆದ್ದದ್ದಷ್ಟೇ ಅಲ್ಲ, ಮುಖ್ಯ ಗ್ರಂಥಗಳನ್ನು ಇಂಗ್ಲಿಷಿಗೆ ಅನುವಾದಿಸಲು ತಾನೇ ಮುಂದಾದ. ಅನುಕೂಲವಿರುವ ಸ್ವತಂತ್ರ ಮನೆಗಳ ಮಕ್ಕಳೆಲ್ಲ ಮೊದಲು ಇಂಗ್ಲಿಷ್ ಓದಲು ಕಲಿಯಲಿ ಎಂಬುದು ಅವನ ಬಯಕೆಯಾಗಿತ್ತು.

ಕೊನೆಗೆ ಗೆದ್ದದ್ದು ಯಾವುದು?

936ರಲ್ಲಿ ಆಕೆನ್‌ನಲ್ಲಿ, ಷಾರ್ಲಮೇನ್ ಕಟ್ಟಿಸಿದ ಚರ್ಚಿನಲ್ಲಿ, ಒಟ್ಟೊ ಎಂಬವನಿಗೆ ಪಟ್ಟಾಭಿಷೇಕವಾಯಿತು. 955ರಲ್ಲಿ ಅವನು ಮಗ್ಯಾರರನ್ನು ಸೋಲಿಸಿದ. 962ರಲ್ಲಿ ರೋಮಿನಲ್ಲಿ ಚಕ್ರವರ್ತಿಯಾದ. ಅವನು ಸ್ಯಾಕ್ಸನ್. ಅವನ ತಾಯಿ ಮಟಿಲ್ಡಾ, ಷಾರ್ಲಮೇನ್‌ಗೆ ಶರಣಾದ ಅದೇ ವಿಡುಕಿಂಡ್‌ನ ವಂಶದವಳು. ಇದೇ ಒಟ್ಟೊ ಕುರ್ತುಬಾದ ಖಲೀಫಾ ಮೂರನೇ ಅಬ್ದುರ್ರಹ್ಮಾನ್ ಅವರಲ್ಲಿಗೆ ರಾಯಭಾರಿಯನ್ನು ಕಳುಹಿಸಿದವನು. ಅವನ ಕಾಲದ ಯುವ ಸನ್ಯಾಸಿ ಗರ್ಬರ್ಟ್ ಸ್ಪೇನಿನ ಗಡಿನಾಡಿನಲ್ಲಿ ಗಣಿತ ಕಲಿತು, ಭಾರತದಲ್ಲಿ ಹುಟ್ಟಿ ಅರಬರ ಕೈ ಸೇರಿದ್ದ ಅಂಕಿಗಳನ್ನು ಉತ್ತರಕ್ಕೆ ಒಯ್ದರು. 999ರಲ್ಲಿ ಅವರೇ ಪೋಪ್ ಆದರು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಕತ್ತಿ ದಾರಿ ತೆರೆಯದಿದ್ದರೆ ಕಾರ್ವೇ ಮಠ ಆ ನಾಡಿಗೆ ಬರುತ್ತಿತ್ತೇ? ಷಾರ್ಲಮೇನ್ ಗೆದ್ದದ್ದರಿಂದಲೇ ಆ ಮಠ ಅಲ್ಲಿ ನಿಂತಿತು ಎಂಬುದು ನಿಜ. ಆದರೆ ಕತ್ತಿ ಒಂದೇ ಇದ್ದ ದಿನಗಳಲ್ಲಿ ಅಲ್ಲಿ ದಂಗೆಯ ಮೇಲೆ ದಂಗೆ ಎದ್ದದ್ದೂ ಅಷ್ಟೇ ನಿಜ. ಇನ್ನೊಂದು ಕಡೆ ಕೆಂಟ್ ರಾಜ್ಯ ನಮ್ಮೆದುರಿಗಿದೆ. ಅಲ್ಲಿಗೆ ಸೈನ್ಯ ಹೋಗಿರಲಿಲ್ಲ. ನಲವತ್ತು ಮಂದಿ ಹೋದರು, ಮನೆಯೊಳಗೆ ಒಬ್ಬ ರಾಣಿ ಇದ್ದಳು. ನೂರೈವತ್ತು ವರ್ಷ ತುಂಬುವ ಮುನ್ನ ಅದೇ ದ್ವೀಪ ಬೀಡ್ ಅವರನ್ನು ಕೊಟ್ಟಿತು. ಬೀಡ್ ಅವರ ಪರಂಪರೆ ಆಲ್ಕುಯಿನ್ ಅವರನ್ನು ಕೊಟ್ಟಿತು. ಕತ್ತಿ ಹಿಡಿದ ರಾಜನಿಗೆ ಬುದ್ಧಿ ಹೇಳಲು ಬೇಕಾದ ಮನುಷ್ಯ ಸಿದ್ಧನಾದದ್ದು, ಕತ್ತಿಯಿಲ್ಲದೆ ಧರ್ಮ ತಲುಪಿದ ನಾಡಿನಲ್ಲಿ.

ವೆರ್ಡೆನ್‌ನಲ್ಲಿ ಸತ್ತ ಆ ಸಾವಿರಾರು ಮಂದಿಯ ಹೆಸರು ಯಾರಿಗೂ ಗೊತ್ತಿಲ್ಲ. ಧರ್ಮದ ಹೆಸರಿನಲ್ಲಿ ಯಾರು ಯಾರ ಮೇಲೆ ಬಲ ಪ್ರಯೋಗಿಸಿದರೂ, ಆ ಲೆಕ್ಕವನ್ನು ಮುಂದಿನ ತಲೆಮಾರು ಓದುತ್ತದೆ. ಆ ರಾಜನ ಆನೆ ಹೋಯಿತು, ಸಾಮ್ರಾಜ್ಯ ಮೊಮ್ಮಕ್ಕಳ ಕಾಲದಲ್ಲೇ ಮೂರು ಹೋಳಾಯಿತು. ದಿಂಬಿನ ಕೆಳಗಿನ ಹಲಗೆಯಲ್ಲಿ ಅವನಿಗೆ ತಿದ್ದಲು ಬಾರದೆ ಹೋದ ಅಕ್ಷರಗಳು ಮಾತ್ರ ಉಳಿದವು.